ನಾಳೆಯ ಬಾಯಾರಿಕೆಯ ಲೆಕ್ಕ

ಹರಿಯುವ ನೀರನ್ನು ಅಳೆಯುವುದು ಸುಲಭ. ಇನ್ನೂ ಹುಟ್ಟದವರ ಬಾಯಾರಿಕೆಯನ್ನು ಅಳೆಯುವುದು ಕಷ್ಟ. ಕಾವೇರಿಯ ಹಂಚಿಕೆಯ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಈ ಎರಡನೆಯ ಅಳತೆಯ ಮೇಲೆಯೇ ನಿಲ್ಲುತ್ತದೆ.

೧೯೨೪ರಲ್ಲಿ ಮೈಸೂರು ಸಂಸ್ಥಾನವೂ ಮದರಾಸು ಸರಕಾರವೂ ಒಪ್ಪಂದ ಮಾಡಿಕೊಂಡಾಗ ಲೆಕ್ಕ ನಡೆದದ್ದು ಮುಖ್ಯವಾಗಿ ಎಕರೆಗಳಲ್ಲಿ. ಯಾರು ಎಷ್ಟು ಭೂಮಿಗೆ ನೀರುಣಿಸಬಹುದೆಂಬುದೇ ಅಂದಿನ ಪ್ರಶ್ನೆ. ಉಪನದಿಯಾದ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ಆಗ ಬೆಂಗಳೂರಿಗೆ ನೀರು ಬರುತ್ತಿತ್ತು. ಐವತ್ತು ವರ್ಷಗಳ ತರುವಾಯ ಒಪ್ಪಂದವು ಪುನರ್ವಿಮರ್ಶೆಗೆ ಬರಬೇಕಾಗಿತ್ತು. ಅದೇ ೧೯೭೪ರಲ್ಲಿ ಕಾವೇರಿಯು ಸುಮಾರು ನೂರು ಕಿಲೋಮೀಟರು ಕೊಳವೆಯಲ್ಲಿ ಸಾಗಿ, ಸುಮಾರು ಐನೂರು ಮೀಟರು ಮೇಲೇರಿ ಬೆಂಗಳೂರನ್ನು ಮುಟ್ಟಿದಳು.

೧೯೯೦ರಲ್ಲಿ ನೇಮಕವಾದ ನ್ಯಾಯಾಧಿಕರಣವು ೨೦೦೭ರ ಫೆಬ್ರವರಿಯಲ್ಲಿ ಅಂತಿಮ ತೀರ್ಪನ್ನಿತ್ತಿತು. ಒಟ್ಟು ೭೪೦ ಟಿ.ಎಂ.ಸಿ. ನೀರಿನಲ್ಲಿ ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭. ಉಳಿದ ೧೪ ಪರಿಸರಕ್ಕೆ ಮತ್ತು ಸಮುದ್ರಕ್ಕೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕುಡಿಯುವ ನೀರಿಗಾಗಿ ಎಣಿಸಿದ್ದು ೨೦೧೧ರ ಜನಸಂಖ್ಯೆಯನ್ನು. ತೀರ್ಪು ಹೊರಬಿದ್ದಾಗ ಆ ‘ಭವಿಷ್ಯ’ಕ್ಕೆ ಉಳಿದಿದ್ದುದು ನಾಲ್ಕೇ ವರ್ಷ! ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಅಷ್ಟಕ್ಕೇ ನೀರನ್ನು ಗಣಿಸಲಾಯಿತು. ಅದರಲ್ಲಿಯೂ ಅರ್ಧವನ್ನು ಅಂತರ್ಜಲ ಪೂರೈಸೀತೆಂದು ಭಾವಿಸಲಾಯಿತು. ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಗೆರೆಯನ್ನು ಅಳಿಸಿ, ಇಡೀ ನಗರವನ್ನು ಲೆಕ್ಕಕ್ಕೆ ತೆಗೆದುಕೊಂಡು ೪.೭೫ ಟಿ.ಎಂ.ಸಿ. ಸೇರಿಸಿತು. ಕರ್ನಾಟಕದ ಪಾಲು ೨೮೪.೭೫ ಆಯಿತು; ತಮಿಳುನಾಡಿನದು ೪೦೪.೨೫ಕ್ಕೆ ಇಳಿಯಿತು.

ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಗರ ಪಡೆದ ನೀರೆಲ್ಲ ವ್ಯಯವಾಯಿತೆಂದು ಲೆಕ್ಕದಲ್ಲಿ ಬರೆಯುವುದಿಲ್ಲ. ಶೇಕಡ ೨೦ ಮಾತ್ರ ಖರ್ಚು. ಉಳಿದ ೮೦ ಬಚ್ಚಲಿನಿಂದ ಹೊರಟು ಮತ್ತೆ ಹೊಳೆ ಸೇರುತ್ತದೆಂಬುದು ನ್ಯಾಯಾಧಿಕರಣದ ಗಣಿತ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದ ಯೋಜನೆಯನ್ನೇ ನೋಡಿರಿ. ಅದರ ಸಾಮರ್ಥ್ಯ ದಿನಕ್ಕೆ ೭೭.೫ ಕೋಟಿ ಲೀಟರು. ವರ್ಷಕ್ಕೆ ಸುಮಾರು ೧೦ ಟಿ.ಎಂ.ಸಿ.; ಈ ಗಣಿತದಂತೆ ವ್ಯಯ ೨ ಮಾತ್ರ. ಆದರೆ ಬೆಂಗಳೂರು ನಿಂತಿರುವುದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಹರಿದ ಕೊಳಚೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿಯ ಪಾಲು. ೨೦೧೮ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಕೋಲಾರದ ಬರಕ್ಕೆ ಅದು ಒಳ್ಳೆಯದೇ. ಆದರೆ ತಂಜಾವೂರಿನ ರೈತನ ಗದ್ದೆಗೆ ಆ ನೀರು ತಿರುಗಿ ಬಾರದು. ಜನರನ್ನು ಎಣಿಸಿದರೆ ಸಾಲದು, ನೆಲದ ಇಳಿಜಾರನ್ನೂ ಎಣಿಸಬೇಕು.

ಅಂತರ್ಜಲದ ಮೇಲಿಟ್ಟ ಭರವಸೆಯ ಗತಿಯನ್ನು ೨೦೨೪ರ ಬೇಸಗೆ ತೋರಿಸಿತು: ಹಿಂದಿನ ವರ್ಷದ ಮಳೆಯ ಕೊರತೆಯಿಂದ ನಗರದಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿದುವು.

ಮುಂದಣ ಅಗತ್ಯದ ಅಂದಾಜು ಒಂದು ಭವಿಷ್ಯವಾಣಿಯಲ್ಲ. ನೆರೆಹೊರೆಯವರ ನಡುವಣ ಒಂದು ಮಾತು. ಅದನ್ನು ಕಲ್ಲಿನಲ್ಲಿ ಕೆತ್ತಿಡದೆ, ಜನಗಣತಿಯಂತೆ ಕಾಲಕಾಲಕ್ಕೆ, ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕುಳಿತು ತಿದ್ದಬೇಕೆಂಬುದು ನನ್ನ ಅಭಿಪ್ರಾಯ. ಮಳೆ ಚೆನ್ನಾಗಿ ಬಂದ ವರ್ಷವೇ ಆ ಕೆಲಸಕ್ಕೆ ತಕ್ಕ ಕಾಲ. ಏಕೆಂದರೆ ಬರಗಾಲದಲ್ಲಿ ಯಾರಿಗೂ ಇನ್ನೊಬ್ಬರ ಕೊಡ ಕಾಣಿಸದು.