ಖಡಕ್ ಚಹಾಕ್ಕೆ ಮೀಸೆ ಬಂದದ್ದು ಎಲ್ಲಿಂದ?

ಖಡಕ್ ಚಹಾ ಗಂಡಸರಿಗೆ, ಹಾಲು ಸಕ್ಕರೆ ಮುಂದಾಗಿರುವ ಲೈಟ್ ಚಹಾ ಹೆಂಗಸರಿಗೆ. ಭಿವಂಡಿಯ ಧಾಮಣಕರ್ ನಾಕಾದಲ್ಲಾಗಲಿ, ಅಂಜೂರ್ ಫಾಟಾದಲ್ಲಾಗಲಿ, ಕಲ್ಯಾಣ್ ಸ್ಟೇಷನ್ನಿನ ಹೊರಗಾಗಲಿ ಇದನ್ನು ಯಾರೂ ಬೋರ್ಡು ಬರೆದು ಹಾಕಿಲ್ಲ. ಬರೆಯುವ ಅಗತ್ಯವೇ ಬಿದ್ದಿಲ್ಲ. ಹೋಟೆಲಿನಲ್ಲಿ ಒಂದು ಖಡಕ್, ಒಂದು ಹಾಲು ಜಾಸ್ತಿ ಎಂದು ಹೇಳಿ ನೋಡಿ. ತಂದ ಹುಡುಗ ಕೇಳುವ ಗೋಜಿಗೂ ಹೋಗದೆ ಖಡಕ್ ಗ್ಲಾಸನ್ನು ನಮ್ಮ ಮನೆಯವರ ಮುಂದಿಟ್ಟು, ಬಿಳಿಚಿಕೊಂಡಿರುವುದನ್ನು ನನ್ನತ್ತ ಸರಿಸುತ್ತಾನೆ. ಅವನು ಬೆನ್ನು ತಿರುಗಿಸಿದ ಮೇಲೆ ನಾವು ಗ್ಲಾಸು ಅದಲುಬದಲು ಮಾಡಿಕೊಳ್ಳುತ್ತೇವೆ. ಇದನ್ನು ತಮಾಷೆ ಎಂದು ಬಿಡಬಹುದಿತ್ತು, ಬಿಟ್ಟೂ ಇದ್ದೆ. ಈಚೆಗೆ ಇದಕ್ಕೆ ವಿಜ್ಞಾನದ ಬಿಳಿ ಕೋಟು ತೊಡಿಸಿರುವುದು ಮಾತ್ರ ಸಹಿಸಲಾಗುತ್ತಿಲ್ಲ. ಗಂಡಸರ ಹಾರ್ಮೋನಿಗೆ ಕಹಿ ಬೇಕಂತೆ, ಹೆಂಗಸರದಕ್ಕೆ ಹಾಲು ಸಿಹಿ ಬೇಕಂತೆ. ಡೊಂಬಿವಲಿಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇದು ಬಂತು. ಇಂಜಿನಿಯರುಗಳೇ ಕೈಮುಗಿಯುವ ಚಿತ್ರ ಅಂಟಿಸಿ ಮುಂದಕ್ಕೆ ದಾಟಿಸಿದರು.

ಆಧಾರ ಏನೆಂದು ಕೇಳಿದರೆ ಬೀದಿ ತೋರಿಸುತ್ತಾರೆ. ‘ತಪರಿಯಲ್ಲಿ ನಿಂತು ಅರ್ಧ ಗ್ಲಾಸಿನ ಕಟಿಂಗ್ ಹೊಡೆಯುವವರು ಯಾರು, ನೀವೇ ನೋಡಿ.’ ನೋಡಿದ್ದೇನೆ ಮಾರಾಯ್ರೆ. ಭಿವಂಡಿಯ ತಪರಿಯ, ಅಂದರೆ ರಸ್ತೆಬದಿಯ ಚಹಾ ಗೂಡಂಗಡಿಯ ಮುಂದೆ ಪವರ್‌ಲೂಮ್‌ನಲ್ಲಿ ಹನ್ನೆರಡು ಗಂಟೆಯ ಪಾಳಿ ಮುಗಿಸಿದವರು, ಗೋದಾಮಿನಲ್ಲಿ ಮೂಟೆ ಹೊರುವ ಮಾಥಾಡಿಗಳು, ಟೆಂಪೋ ಚಾಲಕರು ನಿಂತಿರುತ್ತಾರೆ. ಅದೇ ಊರಿನಲ್ಲಿ ನೂಲು ಸುತ್ತುವ, ಗೋದಾಮುಗಳಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರೂ ಇದ್ದಾರೆ. ಅವರೂ ಚಹಾ ಕುಡಿಯುತ್ತಾರೆ, ಒಳಗೆ ಕೂತು. ರಸ್ತೆಬದಿಯಲ್ಲಿ, ಬೀಡಿ ಹೊಗೆಯ ಮಧ್ಯೆ, ಹತ್ತು ಗಂಡಸರ ನಡುವೆ ಒಬ್ಬಳೇ ನಿಂತು ಗ್ಲಾಸು ಹಿಡಿಯುವುದು ಇವತ್ತಿಗೂ ಸಲೀಸಲ್ಲ. ಹಾಗಾಗಿ ತಪರಿ ತೋರಿಸುವುದು ಯಾರಿಗೆ ಎಲ್ಲಿ ನಿಲ್ಲಲು ಜಾಗವಿದೆ ಎಂಬುದನ್ನು, ಯಾರ ನಾಲಿಗೆಗೆ ಏನು ಹಿಡಿಸುತ್ತದೆ ಎಂಬುದನ್ನಲ್ಲ. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡು ಡೊಂಬಿವಲಿಯಲ್ಲಿ ಗಂಡಸರೇ ಇಲ್ಲ ಎಂದು ತೀರ್ಮಾನಿಸಿದಂತಾಯಿತು ಇದು.

ಅದೂ ಹೋಗಲಿ. ತಪರಿಯಲ್ಲಿ ಒಲೆಯ ಮೇಲಿರುವುದು ಒಂದೇ ಪಾತ್ರೆ. ಬಂದವರಿಗೆಲ್ಲ ಅದರದ್ದೇ. ಆಯ್ಕೆಯೇ ಇಲ್ಲದ ಕಡೆ ‘ಆದ್ಯತೆ’ ಎಲ್ಲಿಂದ ಬರಬೇಕು?

ಇನ್ನು ಆ ಪಾತ್ರೆಯೊಳಗೆ ಏನಿದೆ? ಸಕ್ಕರೆ, ಹಾಲು, ಜಜ್ಜಿದ ಶುಂಠಿ, ಸಿಟಿಸಿ ಪುಡಿ. ಎಲೆಯನ್ನು ಹಲ್ಲಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ ಅಸ್ಸಾಮಿನಲ್ಲಿ 1930ರ ಸುಮಾರಿಗೆ ಹುಟ್ಟಿದ್ದು. ಹಾಗೆ ನುಚ್ಚಾದ ಪುಡಿ ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ. ಮೊದಲ ಕೆಲವೇ ನಿಮಿಷಗಳಲ್ಲಿ ಕೆಫೀನಿನ ಬಹುಪಾಲು ಹೊರಬಂದಿರುತ್ತದೆ. ಆಮೇಲೆ ಕುದಿಸಿದಷ್ಟೂ ಏರುವುದು ಬಣ್ಣ ಮತ್ತು ಬಾಯಿ ಹಿಡಿಯುವ ಒಗರು. ಆ ಒಗರನ್ನು ಹಾಲಿನ ಪ್ರೋಟೀನು ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಸಕ್ಕರೆ ಮುಚ್ಚುತ್ತದೆ. ಅಂದರೆ ಗಂಡಸುತನದ ಗುರುತೆಂದು ಬೀಗುವ ಈ ಕಟಿಂಗ್, ಸುತ್ತಮುತ್ತ ಸಿಗುವ ಪಾನೀಯಗಳಲ್ಲಿ ಸಾಕಷ್ಟು ಸಿಹಿಯಾದದ್ದು. ಮುಂಬಯಿ ಸುತ್ತಿನ ಹಳೆಯ ಮೊಹಲ್ಲಾಗಳಲ್ಲಿ ಹೆಸರಾದ ‘ಖಡೀ ಚಮ್ಮಚ್’ ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ ಎನ್ನುವುದು ಸಕ್ಕರೆಯ ದೆಸೆಯಿಂದ, ಪುಡಿಯ ದೆಸೆಯಿಂದಲ್ಲ. ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಕಹಿಯನ್ನು ಕಹಿಯಾಗಿಯೇ ಕುಡಿಯುತ್ತಿರುವವರು ಯಾರು? ಗಾರ್ಡನ್ನಿನಲ್ಲಿ ಬೆಳಗ್ಗೆ ಐದು ಸುತ್ತು ಹಾಕಿ ಬರುವ ನಮ್ಮ ಸೊಸೈಟಿಯ ಹೆಂಗಸರು. ಮೀಸೆ ಇವರಿಗೆ ಬರಬೇಕಿತ್ತು.

ಮನೆಯೊಳಗೆ ಬಂದು ನೋಡಿ. ಬೆಳಗ್ಗೆ ಆರಕ್ಕೆ ಪಾತ್ರೆ ಒಲೆಗೇರುತ್ತದೆ. ಮೊದಲು ಮಾವನವರಿಗೆ ಸೋಸುತ್ತಾರೆ, ಆಮೇಲೆ 7.02ರ ಲೋಕಲ್ ಹಿಡಿಯುವವರಿಗೆ, ಆಮೇಲೆ ಕಾಲೇಜಿನ ಮಗನಿಗೆ. ತಳದಲ್ಲಿ ಚರಟದ ಜೊತೆ ಉಳಿದದ್ದಕ್ಕೆ ಒಂದಿಷ್ಟು ನೀರು ಹೊಯ್ದು, ಮತ್ತೆ ಕುದಿಸಿ, ಹಾಲು ಮುಗಿದಿದ್ದರೆ ಮುಗಿಯಿತು ಎಂದು ನಿಂತುಕೊಂಡೇ ಕುಡಿಯುವವಳು ಮನೆಯ ಹೆಂಗಸು. ಆ ಮನೆಯಲ್ಲಿ ಅತ್ಯಂತ ಹೆಚ್ಚು ಹೊತ್ತು ಕುದಿದ, ಅತ್ಯಂತ ಒಗರಾದ ಚಹಾ ಅವಳ ಪಾಲಿನದು. ಅದನ್ನು ಅವಳು ಖಡಕ್ ಎಂದು ಕರೆಯುವುದಿಲ್ಲ, ‘ಉಳಿದದ್ದು’ ಎನ್ನುತ್ತಾಳೆ. ಐರೋಲಿ, ಘನ್‌ಸೋಲಿ ಕಡೆ ಕಟ್ಟಡ ಕೆಲಸಕ್ಕೆ ಕಲಬುರಗಿ, ವಿಜಯಪುರದಿಂದ ಬಂದಿರುವ ಹೆಂಗಸರನ್ನು ಕೇಳಿ. ಸೈಟಿನ ಶೆಡ್ಡಿನಲ್ಲಿ ಕಾಸುವುದು ಕರೀ ಚಾ. ಅದರಲ್ಲಿ ಹಾಲಿಲ್ಲದಿರುವುದು ಹಾಲಿನ ಪಾಕೀಟಿನ ಬೆಲೆಯಿಂದ. ಅವರ ಗಂಡಂದಿರೂ ಅದನ್ನೇ ಕುಡಿಯುತ್ತಾರೆ. ಇದರಲ್ಲಿ ಯಾವ ಹಾರ್ಮೋನು ಕೆಲಸ ಮಾಡುತ್ತಿದೆಯೋ ಬಲ್ಲವರು ಹೇಳಬೇಕು.

ಅಂಕಿಅಂಶ ಇರಬಹುದಲ್ಲ ಎಂದರೆ, ಸರ್ಕಾರದ ಗ್ರಾಹಕ ವೆಚ್ಚ ಸಮೀಕ್ಷೆಗಳು ಚಹಾಪುಡಿಯನ್ನು ಮನೆಗೆ ಇಷ್ಟು ಎಂದು ಲೆಕ್ಕ ಹಾಕುತ್ತವೆ, ಮನೆಯೊಳಗೆ ಯಾರು ಎಷ್ಟು ಕುಡಿದರು ಎಂದು ಕೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗಂಡಸರನ್ನೂ ಹೆಂಗಸರನ್ನೂ ಪ್ರತ್ಯೇಕ ಕೂರಿಸಿ ಹಾಲು, ಬೇಳೆ, ಮೊಟ್ಟೆ, ಮೀನು, ಕರಿದ ತಿಂಡಿ, ಸೋಡಾ ಪಾನೀಯ ಎಲ್ಲವನ್ನೂ ಕೇಳುತ್ತದೆ. ಆ ಪಟ್ಟಿಯಲ್ಲಿ ಚಹಾ ಇಲ್ಲ. ಆ ಫಾರ್ವರ್ಡಿನಲ್ಲಿ ‘ಸಮೀಕ್ಷೆಯಿಂದ ಸಾಬೀತಾಗಿದೆ’ ಎಂದು ಬರೆದವರು ಅದನ್ನು ತಪರಿಯ ಬೆಂಚಿನ ಮೇಲೆ ನಡೆಸಿರಬೇಕು.

ನಾಲಿಗೆಯ ವಿಷಯದಲ್ಲಿ ಒಂದು ಎಳೆ ನಿಜವಿದೆ. ಕೆಲವು ಕಹಿ ಪದಾರ್ಥಗಳನ್ನು ಹೆಂಗಸರು ಸರಾಸರಿ ಸ್ವಲ್ಪ ಬೇಗ ಗುರುತಿಸುತ್ತಾರೆ. ಆದರೆ ಕಹಿ ಗೊತ್ತಾಗುವುದು ಬೇರೆ, ಬೇಡವಾಗುವುದು ಬೇರೆ. ಹಾಗಲಕಾಯಿ ಮೆಣಸ್ಕಾಯಿಯನ್ನು ಬೆರಳು ನೆಕ್ಕಿ ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? 2018ರಲ್ಲಿ ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನವೊಂದರಲ್ಲಿ, ಪ್ರಾಪ್ ಮತ್ತು ಕ್ವಿನೈನ್ ಎಂಬ ಕಹಿಗಳಿಗೆ ನಾಲಿಗೆ ಚುರುಕಾಗಿದ್ದವರು ಕಾಫಿ ಕಡಿಮೆ, ಚಹಾ ಹೆಚ್ಚು ಕುಡಿಯುತ್ತಿದ್ದುದು ಕಂಡಿತು. ಫಾರ್ವರ್ಡ್ ಹೇಳಿದ್ದಕ್ಕೆ ಇದು ತಲೆಕೆಳಗು.

ಇದೇ ಚಹಾ ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಹೆಂಗಸರ ಪಾನೀಯವಾಗಿತ್ತು. ಕಾಫಿ ಅಂಗಡಿ ಗಂಡಸರದು, ಚಹಾ ಮೇಜು ಮನೆಯೊಡತಿಯದು. ಜೋನಾಸ್ ಹಾನ್ವೇ ಎಂಬಾತ 1756ರಲ್ಲಿ ಚಹಾದ ಮೇಲೆ ಉರಿದುಬಿದ್ದು ಪ್ರಬಂಧ ಬರೆದ. ಅವನ ಪ್ರಕಾರ ಇದರಿಂದ ಗಂಡಸರ ಮೈಕಟ್ಟೂ ಹೋಯಿತು, ಹೆಂಗಸರ ಚೆಲುವೂ ಹೋಯಿತು. ಅವನಿಗೆ ಉತ್ತರ ಕೊಟ್ಟವನು ಚಹಾ ಚಟಕ್ಕೆ ಹೆಸರಾದ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್. ತಮಾಷೆಯೆಂದರೆ, ಲಂಡನ್ನಿನ ಬೀದಿಯಲ್ಲಿ ಕೊಡೆ ಹಿಡಿದು ನಡೆದ ಮೊದಲ ಗಂಡಸರಲ್ಲೊಬ್ಬ ಎಂದು ಹೆಸರಾದವನೂ ಇದೇ ಹಾನ್ವೇ. ಆಗ ಅಲ್ಲಿ ಕೊಡೆ ಹೆಂಗಸರ ವಸ್ತು, ದಾರಿಹೋಕರು ನಗುತ್ತಿದ್ದರು. ಇವತ್ತು ಜುಲೈ ಮಳೆಯಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಅವನ ಮೇಲೆ ನಗುವವರನ್ನು ಹುಡುಕಬೇಕು.

ನಮ್ಮ ಕಡೆ ಚಹಾದ ಜಗಳ ಬೇರೆಯದೇ ಇತ್ತು. ಕಲ್ಯಾಣದಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯಕೀಯ ಓದಿದ ಆನಂದಿಬಾಯಿ ಜೋಶಿ ಗೊತ್ತಲ್ಲ, ಅವರ ಗಂಡ, ಅಂಚೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಗೋಪಾಳರಾವ್ ಜೋಶಿ, 1890ರಲ್ಲಿ ಪುಣೆಯ ಪಂಚ ಹೌದ್ ಮಿಷನ್ನಿನಲ್ಲಿ ಒಂದು ಕೂಟ ಏರ್ಪಡಿಸಿದ. ಅಲ್ಲಿ ಚಹಾ ಬಂತು. ಕ್ರೈಸ್ತರ ಕೈಯ ಚಹಾ. ಆಮೇಲೆ ಹಾಜರಿದ್ದವರ ಹೆಸರನ್ನು ಪತ್ರಿಕೆಗೆ ಕೊಟ್ಟು ಮಜಾ ನೋಡಿದ. ತಿಲಕರು, ನ್ಯಾಯಮೂರ್ತಿ ರಾನಡೆ ಎಲ್ಲರೂ ಸಿಕ್ಕಿಬಿದ್ದು, ವಿಷಯ ಶಂಕರಾಚಾರ್ಯರ ಪೀಠದವರೆಗೆ ಹೋಗಿ, ಪ್ರಾಯಶ್ಚಿತ್ತದಲ್ಲಿ ಮುಗಿಯಿತು. ಅಂದಿನ ಮಹಾರಾಷ್ಟ್ರದಲ್ಲಿ ಚಹಾದ ಪ್ರಶ್ನೆ ಯಾರು ಮಾಡಿದ್ದು ಎಂಬುದು. ಖಡಕ್ಕೋ ಲೈಟೋ, ಗಂಡೋ ಹೆಣ್ಣೋ ಎಂಬ ವಿಚಾರಣೆಗೆ ಯಾರಿಗೂ ಪುರುಸೊತ್ತಿರಲಿಲ್ಲ. ಸುಮಾರು ನೂರಮೂವತ್ತೈದು ವರ್ಷಗಳಲ್ಲಿ ಚಹಾ ಜಾತಿಯಿಂದ ಲಿಂಗಕ್ಕೆ ಬಂದಿದೆ, ಗಿಡ ಮಾತ್ರ ಅದೇ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಲಾರೆ. ‘ಚಾ ಕುಡಿದರೆ ಕಪ್ಪಾಗ್ತಿ’ ಎಂದು ಹುಡುಗಿಯರನ್ನಷ್ಟೇ ಹೆದರಿಸುತ್ತಾರೆ. ಮೈಬಣ್ಣ ಅಪ್ಪ ಅಮ್ಮನಿಂದ ಮತ್ತು ಬಿಸಿಲಿನಿಂದ ಬರುತ್ತದೆ, ಕೆಟಲಿನಿಂದಲ್ಲ. ಚಹಾದಿಂದ ಗಂಡಸುತನ ಕುಂದುತ್ತದೆ ಎನ್ನುವವರು, 1674ರಲ್ಲಿ ಲಂಡನ್ನಿನ ಹೆಂಗಸರ ಹೆಸರಿನಲ್ಲಿ ಕಾಫಿಯ ಮೇಲೆ ಇದೇ ದೂರಿನ ಕರಪತ್ರ ಬಂದಿತ್ತೆಂದು ತಿಳಿದು ಸಮಾಧಾನ ಪಡಲಿ. ಗ್ರೀನ್ ಟೀ ಹೆಂಗಸರನ್ನು ತೆಳ್ಳಗೆ ಮಾಡುತ್ತದೆ ಎಂಬುದಕ್ಕೆ, ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ 2012ರ ಕಾಕ್ರೇನ್ ಪರಿಶೀಲನೆಯಲ್ಲಿ ಸಿಕ್ಕಿದ್ದು ಲೆಕ್ಕಕ್ಕೆ ಬಾರದಷ್ಟು ಇಳಿಕೆ.

ಗಂಡು ಹೆಣ್ಣಿನ ನಡುವೆ ಚಹಾದ ವಿಷಯದಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ. ಅದು ನಾಲಿಗೆಯಲ್ಲಿಲ್ಲ, ರಕ್ತದಲ್ಲಿದೆ, ಮತ್ತು ಅದರ ಬಗ್ಗೆ ಒಂದು ಫಾರ್ವರ್ಡೂ ಬರುವುದಿಲ್ಲ. ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣಾಂಶವನ್ನು ಚಹಾದ ಒಗರು ಹಿಡಿದಿಟ್ಟು ಮೈಗೆ ಸೇರದಂತೆ ತಡೆಯುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಈಗ ಅವಳ ಬೆಳಗನ್ನು ಜ್ಞಾಪಿಸಿಕೊಳ್ಳಿ: ರಾತ್ರಿ ಉಳಿದ ಚಪಾತಿ, ಅದನ್ನು ಅದ್ದಿಕೊಳ್ಳಲು ತಳದ ಆ ಚಹಾ. ಕೆಲವರು ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಅದರಲ್ಲೇ ನುಂಗುತ್ತಾರೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು, ಒಂದು ಲೋಟ ಚಹಾದಲ್ಲಿ 30ರಿಂದ 65 ಇರುತ್ತದೆ ಎಂದೂ ಅದರಲ್ಲಿದೆ.

ಕೆಫೀನಿನಲ್ಲೂ ವ್ಯತ್ಯಾಸವಿದೆ. ಕುಡಿದ ಕೆಫೀನಿನ ಅರ್ಧಭಾಗವನ್ನು ಮೈ ಕಳೆಯಲು ಸಾಮಾನ್ಯವಾಗಿ ಐದು ಗಂಟೆ ಸಾಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಸುಮಾರು ಇಮ್ಮಡಿ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹದಿನೈದು ಗಂಟೆಯವರೆಗೂ ಎಳೆಯಬಹುದು, ಅಂದರೆ ಸಂಜೆ ಐದರ ಚಹಾದ ಅರ್ಧ ಮರುದಿನ ಬೆಳಗ್ಗೆ ಎಂಟಕ್ಕೂ ಒಳಗೇ ಇದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದಕ್ಕೆ ಉಲ್ಟಾ, ಯಕೃತ್ತಿನ ಕಿಣ್ವ ಚುರುಕಾಗಿ ಕೆಫೀನು ಬೇಗ ಖಾಲಿಯಾಗುತ್ತದೆ. ತಪರಿಯಲ್ಲಿ ಒಂದು ಕೈಯಲ್ಲಿ ಬೀಡಿ, ಇನ್ನೊಂದರಲ್ಲಿ ಗ್ಲಾಸು ಹಿಡಿದವರಿಗೆ ಗಂಟೆಗೊಂದು ಕಟಿಂಗ್ ಏಕೆ ಬೇಕಾಗುತ್ತದೆ ಎಂಬುದಕ್ಕೆ ಪೌರುಷಕ್ಕಿಂತ ಇದು ಒಳ್ಳೆಯ ಕಾರಣ.

ಇಷ್ಟೆಲ್ಲ ತಿಳಿಯುವುದು ಕಷ್ಟವಲ್ಲ. ತಿಳಿಯುವ ಮನಸ್ಸಿಲ್ಲ, ಅಷ್ಟೇ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ದಿನ ದೇವಸ್ಥಾನಗಳ ಮುಂದೆ ಲೋಟ ಹಿಡಿದು ಸಾಲು ನಿಂತವರಲ್ಲಿ ಭೌತಶಾಸ್ತ್ರದ ಪದವೀಧರರೂ ಇದ್ದರು. ದಿಲ್ಲಿಯ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲು ಕೊಟ್ಟು, ಅದು ಮೇಲ್ಮೈ ಸೆಳೆತದಿಂದ ಕಲ್ಲಿನ ಮೇಲೆ ಹರಿದು ಕೆಳಗಿಳಿಯುವುದನ್ನು ತೋರಿಸಿಕೊಟ್ಟರು. ಯಾರಿಗೆ ಬೇಕಿತ್ತು? ಆಗ ಸುದ್ದಿ ಊರೂರು ಸುತ್ತಲು ಎಸ್‌ಟಿಡಿ ಬೂತಿನವರೆಗೆ ನಡೆಯಬೇಕಿತ್ತು, ನಡೆಯುವಾಗ ಒಂದು ನಿಮಿಷವಾದರೂ ಯೋಚಿಸಲು ಸಿಗುತ್ತಿತ್ತು. ಈಗ ಹೆಬ್ಬೆರಳು ಸಾಕು. ಮೀನಿನ ಬೆಲೆಗೆ ಅರ್ಧ ಗಂಟೆ ಜಗಳವಾಡುವವರು, ಫ್ಲ್ಯಾಟಿನ ಕಾಗದಗಳನ್ನು ಮೂವರು ವಕೀಲರಿಗೆ ತೋರಿಸುವವರು, ಹಾರ್ಮೋನಿನ ಮೇಲೆ ಬಂದ ಹೆಸರಿಲ್ಲದ ನಾಲ್ಕು ಸಾಲನ್ನು ಹಾಗೆಯೇ ನುಂಗುತ್ತಾರೆ.

ಆ ಚಹಾ ಫಾರ್ವರ್ಡಿನ ಕೆಳಗೆ ನಾನು ಪೋಷಣಾ ಸಂಸ್ಥೆಯ ಮಾರ್ಗಸೂಚಿಯನ್ನು ಹಾಕಿದೆ. ‘ಅದು ಸರ್ಕಾರದ್ದು ಅಕ್ಕ, ಇದು ಡಾಕ್ಟರೇ ಹೇಳಿದ್ದು’ ಎಂದು ಉತ್ತರ ಬಂತು. ಯಾವ ಡಾಕ್ಟರು ಎಂದು ಕೇಳಿದೆ. ಗುಂಪಿನಲ್ಲಿ ರಾಜಕೀಯ ಬೇಡ ಎಂದು ಅಡ್ಮಿನ್ ಬರೆದರು.