ಟ್ರೇಲರ್ ಲಾರಿ ಅಗ್ಗವೇ? ಡೀಸೆಲಿನ ಲೆಕ್ಕ ನೋಡೋಣ



ಕಳೆದ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು, "ಟ್ರೇಲರ್ ಲಾರಿ ಟನ್ನಿಗೆ ಅಗ್ಗ ಬೀಳುತ್ತದಂತೆ. ಗೊಬ್ಬರ ತರಿಸಲಿಕ್ಕೂ ಸಂಘ ಅದನ್ನೇ ಏಕೆ ಗೊತ್ತು ಮಾಡಬಾರದು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಸಾಗಾಣಿಕೆಯ ಖರ್ಚು ಕೊನೆಗೆ ಬಂದು ಬೀಳುವುದು ನಮ್ಮ ಅಡಿಕೆಯ ಧಾರಣೆಯ ಮೇಲೆ, ತೋಟದ ಗೊಬ್ಬರದ ಬೆಲೆಯ ಮೇಲೆ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ ಶೇ. 21.17ಕ್ಕೆ ಏರಿದ ಮೇಲಂತೂ ಈ ಲೆಕ್ಕವನ್ನು ಸದಸ್ಯರೆಲ್ಲರೂ ತಿಳಿದಿರುವುದು ಲೇಸು.

ನಮ್ಮ ಸರಕಿನ ಸಾಗಾಟ ಎರಡು ಬಗೆಯದು. ಅಡಿಕೆ ಮೂಟೆಗಳು ಹುಬ್ಬಳ್ಳಿ, ಧಾರವಾಡ, ಕಿತ್ತೂರು ದಾಟಿ, ಹಿಂದೆ 4ನೇ ನಂಬರಿನದಾಗಿದ್ದ ಈಗಿನ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುತ್ತವೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಭೂಮಿಯ ಕಡೆಯಿಂದ ಕುರಿಗೊಬ್ಬರ ನಮ್ಮ ತೋಟಗಳಿಗೆ ಬರುತ್ತದೆ.

ಎಂಜಿನ್ ಗಾಡಿ ಬೇರೆ, ಹಿಂದಿನ ಹೇರುಗಾಡಿ ಬೇರೆ ಇದ್ದು, ನಡುವೆ ಕೀಲಿನಿಂದ ಕೂಡಿದ್ದೇ ಟ್ರೇಲರ್. 2018ರ ಕೇಂದ್ರ ಅಧಿಸೂಚನೆಯಂತೆ ಆರು ಅಚ್ಚಿನ, 22 ಚಕ್ರದ ಟ್ರೇಲರಿನ ಒಟ್ಟು ತೂಕದ ಮಿತಿ 49 ಟನ್ನಿನಿಂದ 55 ಟನ್ನಿಗೆ ಏರಿತು. ಹತ್ತು ಚಕ್ರದ ಲಾರಿಯದು 25ರಿಂದ 28.5 ಟನ್ನಾಯಿತು. ಲೆಕ್ಕಕ್ಕೆಂದು ಟ್ರೇಲರ್ 380 ಕ್ವಿಂಟಲ್ ಹೇರಿ ಲೀಟರಿಗೆ 3 ಕಿ.ಮೀ. ಓಡುತ್ತದೆ, ಹತ್ತು ಚಕ್ರದ್ದು 180 ಕ್ವಿಂಟಲ್ ಹೇರಿ 4 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಮೈಲೇಜು ಮಾತ್ರ ನೋಡಿದರೆ ಚಿಕ್ಕ ಲಾರಿಯೇ ಮೇಲು. ಆದರೆ ಒಂದು ಲೀಟರಿನಲ್ಲಿ ಟ್ರೇಲರ್ 1,140 ಕ್ವಿಂಟಲನ್ನು ಒಂದು ಕಿ.ಮೀ. ಒಯ್ದಂತಾಯಿತು, ಚಿಕ್ಕದು 720 ಕ್ವಿಂಟಲನ್ನು. ಬೆಳೆಗಾರ ನೋಡಬೇಕಾದದ್ದು ಈ ಎರಡನೆಯ ಲೆಕ್ಕವನ್ನು.

ಹಾಗಾದರೆ ಟ್ರೇಲರೇ ಸರಿ ಎನ್ನುವಿರಿ. ತಾಳಿ. ಅದೇ ಟ್ರೇಲರಿಗೆ ಅರ್ಧ ಹೇರಿ, ಲೀಟರಿಗೆ 4 ಕಿ.ಮೀ. ಓಡಿದರೂ ಸಿಗುವುದು 760 ಮಾತ್ರ. ಲಾಭವೆಲ್ಲ ಹೋಗಿ ಚಿಕ್ಕ ಲಾರಿಯ ಮಟ್ಟಕ್ಕೇ ಬಂದು ನಿಂತಿತು. ಒಣ ಕುರಿಗೊಬ್ಬರ ಹಗುರ. ಹೇರುಗಾಡಿ ಅಂಚಿನವರೆಗೆ ತುಂಬಿದರೂ ತೂಕ ತುಂಬುವುದಿಲ್ಲ.

ಇದನ್ನು ನಾವು ಕೈಸುಟ್ಟುಕೊಂಡು ಕಲಿತೆವು. ಒಂದು ವರ್ಷ ರಾಮದುರ್ಗದ ಕಡೆಯ ಹಳ್ಳಿಗೆ ಟ್ರೇಲರನ್ನೇ ಕಳಿಸಿದೆವು. ಊರೊಳಗೆ ತಿರುಗಿಸಲು ಜಾಗವಿಲ್ಲ, ಹಿಂದಿನ ದಿನದ ಮಳೆಗೆ ಎರೆಮಣ್ಣು ಅಂಟು. ಟ್ರ್ಯಾಕ್ಟರುಗಳಲ್ಲಿ ಗೊಬ್ಬರವನ್ನು ರಸ್ತೆಗೆ ತಂದು ಹೇರಬೇಕಾಯಿತು. ಇತ್ತ ಬಂದ ಮೇಲೆ ತೋಟದ ದಾರಿಗೆ ಇಳಿಯಲಾರದೆ ಮತ್ತೊಮ್ಮೆ ಚಿಕ್ಕ ಗಾಡಿಗೆ ಬದಲಾಯಿಸಿದೆವು. ಎರಡು ಹಮಾಲಿ, ಎರಡು ಬಾಡಿಗೆ. ತಪ್ಪು ಚಾಲಕನದಲ್ಲ, ಮೊದಲೇ ವಿಚಾರಿಸದ ನಮ್ಮದು.

ಇನ್ನು ದಾರಿಯಲ್ಲಿ ಡೀಸೆಲ್ ಎಲ್ಲಿ ಹೋಗುತ್ತದೆ? 55 ಟನ್ನಿನ ಗಾಡಿ ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ಏರಲು ಸುಮಾರು ಅರ್ಧ ಲೀಟರ್ ಬೇಕು. ನೂರು ಮೀಟರ್ ಎತ್ತರದ ದಿಬ್ಬ ಏರಲು ನಾಲ್ಕು ಲೀಟರಿನಷ್ಟು. ಹಂಪಿನ ಮುಂದೆ ಜೋರಾಗಿ ಬಂದು ಬ್ರೇಕ್ ಒತ್ತಿದರೆ ಆ ಅರ್ಧ ಲೀಟರ್ ಬ್ರೇಕಿನಲ್ಲಿ ಕಾದು ಗಾಳಿಗೆ ಹೋಯಿತು. ದೂರದಿಂದಲೇ ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಗಾಡಿಯನ್ನು ಉರುಳಲು ಬಿಡುವ ಚಾಲಕ ಅದನ್ನು ಉಳಿಸುತ್ತಾನೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಉಳಿತಾಯವಲ್ಲ, ಅಪಾಯ. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲನ್ನು ತಾವಾಗಿಯೇ ನಿಲ್ಲಿಸುತ್ತವೆ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಈ ತಾಲ್ಲೂಕುಗಳ ರಸ್ತೆ ತುಂಬ ಇರುತ್ತವೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನಸಾಗರ. ನಿಂತು ನಿಂತು ಹೊರಡುವ ಭಾರದ ಗಾಡಿಗೆ ಅದು ಡೀಸೆಲ್ ಸೋರಿದಂತೆ. ಆ ದಿನಗಳನ್ನು ಬಿಡುವುದು ಜಾಣತನ. ಗಾಡಿ ನಿಂತಿದ್ದರೂ ಎಂಜಿನ್ ಓಡುತ್ತಿದ್ದರೆ ಗಂಟೆಗೆ 2ರಿಂದ 3 ಲೀಟರ್ ಹೋಗುತ್ತದೆ. ಹೆದ್ದಾರಿಯಲ್ಲಿ 60ರ ಬದಲು 80ರಲ್ಲಿ ಓಡಿದರೆ ಗಾಳಿಯ ತಡೆ ಮುಕ್ಕಾಲು ಪಾಲು ಹೆಚ್ಚುತ್ತದೆ. 22 ಚಕ್ರಗಳಲ್ಲಿ ಗಾಳಿ ಕಡಿಮೆಯಿದ್ದರೆ ಅದರ ಕಂದಾಯ ಬೇರೆ.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಾವು ಇಟ್ಟಿರುವ ಸಲಹೆ ಇದು. ಕುರಿಗೊಬ್ಬರಕ್ಕೆ ಹತ್ತು ಚಕ್ರದ ಲಾರಿಯೇ ಇರಲಿ, ನಾಲ್ಕಾರು ಸದಸ್ಯರು ಕೂಡಿ ಒಂದು ಲೋಡು ತರಿಸಲಿ. ಅಡಿಕೆಗೆ ಟ್ರೇಲರ್ ಆಗಬಹುದು, ಆದರೆ ಪೂರ್ತಿ ಹೇರಿದಾಗ ಮಾತ್ರ. ಅದಕ್ಕೆ ನೀವು ಮೂಟೆಗಳನ್ನು ಒಂದೇ ವಾರದಲ್ಲಿ ಗೋದಾಮಿಗೆ ತರಬೇಕು. ಹತ್ತು ಜನ ಹತ್ತು ದಿನ ತಂದರೆ ಯಾವ ಎಂಜಿನ್ನೂ ನಮ್ಮ ಹಣ ಉಳಿಸಲಾರದು. ಚಾಲಕನಿಗೆ ಉಳಿಸಿದ ಡೀಸೆಲಿನಲ್ಲಿ ಒಂದು ಪಾಲು ಕೊಡುವ ಕರಾರನ್ನೂ ಮಾಡೋಣ. ಟ್ಯಾಂಕು ತುಂಬಿಸಿ ಹೊರಟು, ಬಂದು ಮತ್ತೆ ತುಂಬಿಸಿದರೆ ಅಳತೆ ಸಿಕ್ಕಿತು.

ಗೊಬ್ಬರದ ಬೇಡಿಕೆ ಎಷ್ಟು ಕ್ವಿಂಟಲ್, ತೋಟದ ದಾರಿಗೆ ಯಾವ ಗಾಡಿ ಬರುತ್ತದೆ ಎಂಬ ಎರಡನ್ನೂ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.