ರೊಟ್ಟಿ ಇಲ್ಲದ ತಾಟಿಗೆ ಗಂಗೆಯ ಮೀನು

ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಕಮಲನಾರಾಯಣ ಗುಡಿ ಎದ್ದದ್ದು 1174ರಲ್ಲಿ. ಕಟ್ಟಿಸಿದವಳು ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ, ಕಡೆದವನು ತಿಪ್ಪೋಜ. ಅದಕ್ಕೂ ಸುಮಾರು ನಾಲ್ಕು ದಶಕ ಮೊದಲು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿನೋದವನ್ನೂ ಮೀನಿನ ಅಡುಗೆಯನ್ನೂ ವಿವರಿಸಿದ್ದ. ತತ್ತಿ, ಮೀನು, ತೊಪ್ಪಲು ಕೂಡಿಸಿ ದಪ್ಪಗೆ ಬೇಯಿಸುವ ಇಟಲಿಯ ಫ್ರಿಟಾಟಾ ಈಗ ‘ಲೋ ಕಾರ್ಬ್’ (ಕಡಿಮೆ ಪಿಷ್ಟದ) ಊಟವೆಂಬ ಹೆಸರಿನಲ್ಲಿ ಪೇಟೆಯಿಂದ ಹಳ್ಳಿಯ ಮೊಬೈಲಿಗೂ ಬಂದಿರುವಾಗ, ಇಂಥ ಹಳೆಯ ಪುರಾವೆ ತೋರಿಸಿ ‘ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂದುಬಿಡುವ ಆಸೆ ಹುಟ್ಟುತ್ತದೆ. ಆ ಆಸೆಗೆ ಬೀಳಬಾರದು. ಅರಸನ ಅಡುಗೆಮನೆ ಊರಿನ ಅಡುಗೆಮನೆ ಅಲ್ಲ. ಮೇಲಾಗಿ ಆ ಗ್ರಂಥದ ಮೀನು ಹುಣಸೆಹುಳಿಯಲ್ಲಿ ಬೆಂದು, ಹಿಟ್ಟಿನಲ್ಲಿ ಹೊರಳಿ, ಎಣ್ಣೆಗೆ ಬೀಳುವಂಥದ್ದು. ಈ ಸೀಮೆಯಲ್ಲಿ ಇಂದು ಇಂಥದೊಂದು ತಾಟು ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ಹನ್ನೆರಡನೆಯ ಶತಮಾನವಲ್ಲ, ಮುಖ್ಯವಾಗಿ 1950ರ ನಂತರದ ಸರ್ಕಾರಿ ಕೆಲಸಗಳು ಎಂಬುದು ನನ್ನ ವಾದ.

ಮೀನನ್ನೇ ನೋಡಿ. ಇಲ್ಲಿ ಸಿಗುವ ರೋಹು, ಕಟ್ಲಾ, ಮೃಗಾಲ್ ಮೂರೂ ಗಂಗೆಯ ಬಯಲಿನವು. ನೆರೆ ಬಂದ ಹೊಳೆಯಲ್ಲಷ್ಟೇ ಮೊಟ್ಟೆಯಿಡುವ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ಮರಿ ಪಡೆದ ಮೇಲೆಯೇ ದೇಶದ ಕೆರೆಕಟ್ಟೆಗಳಿಗೆ ಬಿತ್ತಲು ಮೀನುಮರಿ ಹೇರಳವಾಗಿ ಸಿಕ್ಕಿದ್ದು. ಬಿತ್ತಲು ನೀರು ಬೇಕಲ್ಲ? ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. 1970ರ ದಶಕದ ಆರಂಭದಲ್ಲಿ ಮೂವತ್ತೇಳು ಟಿಎಂಸಿಗೂ ಮಿಕ್ಕಿ ನೀರು ಹಿಡಿಯುವ ರೇಣುಕಾ ಸಾಗರ ತಯಾರಾಯಿತು. ಕಟ್ಟಿದ್ದು ಜೋಳ, ಗೋದಿ, ಹತ್ತಿಯ ಹೊಲಗಳಿಗಾಗಿ. ಆ ನೀರಿನ ಕರದ ಜಗಳ 1980ರಲ್ಲಿ ನರಗುಂದ, ನವಲಗುಂದದ ಬಂಡಾಯವಾಗಿ ಸಿಡಿದದ್ದನ್ನು ನಾಡು ಮರೆತಿಲ್ಲ. ಅದೇ ನೀರು ಸದ್ದಿಲ್ಲದೆ ಮೀನು ಸಾಕಿದ್ದು ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ. ತತ್ತಿಯ ಕಥೆಯೂ ಹತ್ತಿರದ್ದೇ. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು, ಫಾರಂ ತತ್ತಿ ಕಿರಾಣಿ ಅಂಗಡಿಯ ಸರಕಾಯಿತು, ಕೊನೆಗೆ ಶಾಲೆಯ ಬಿಸಿಯೂಟಕ್ಕೂ ಬಂತು.

ಇನ್ನು ರೊಟ್ಟಿ ಬಿಡುವ ವಿಚಾರ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಬ್ರೆಡ್ಡು, ಸಕ್ಕರೆ, ಬಟಾಟಿ ಬಿಟ್ಟು ತೆಳ್ಳಗಾದೆನೆಂದು ಕರಪತ್ರ ಹೊರಡಿಸಿದ್ದು 1863ರಲ್ಲಿ. ಅಮೆರಿಕದ ಡಾ. ಅಟ್ಕಿನ್ಸ್ ಅದೇ ದಾರಿಯ ಪುಸ್ತಕ ಬರೆದದ್ದು 1972ರಲ್ಲಿ. ಆ ವರ್ಷ ಉತ್ತರ ಕರ್ನಾಟಕದ ಹೊಲಗಳು ಬರದಲ್ಲಿ ಬೆಂದಿದ್ದವು. ಅಲ್ಲಿ ಧಾನ್ಯ ಬಿಡಿ ಎಂಬ ಉಪದೇಶ, ಇಲ್ಲಿ ಧಾನ್ಯವೇ ಇಲ್ಲ. ಹಾಗಾಗಿ ಈ ಪಥ್ಯ ಹೊಟ್ಟೆ ತುಂಬಿದವರದ್ದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಅಂದಿನ ಮಾತು. ಬೈಲಹೊಂಗಲ, ಕಿತ್ತೂರು ಕಡೆ ಕಬ್ಬು ಹಬ್ಬಿತು, ರಂಟಿ ಹೊಡೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು, ಪಡಿತರದ ಅಕ್ಕಿ ಮನೆ ತುಂಬಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ದೇಶದಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಲೆಕ್ಕ ಹಾಕಿತು. ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಎಂದು ಅದೇ ಅಧ್ಯಯನದ 2025ರ ಭಾಗ ಹೇಳಿತು.

‘ತಪ್ಪೆಲ್ಲ ಪಾಲಿಶ್ ಅಕ್ಕಿಯದು, ನಮ್ಮ ಬಿಳಿಜೋಳದ್ದಲ್ಲ’ ಎನ್ನುವುದು ಎರೆಸೀಮೆಯ ಮರುವಾದ. ಜೋಳದ ನಾರು ಅಕ್ಕಿಗಿಂತ ಎಷ್ಟೋ ಹೆಚ್ಚು, ಅದು ನಿಜ. ಆದರೂ ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಎಪ್ಪತ್ತು ಗ್ರಾಮಿನ ಆಸುಪಾಸು ಪಿಷ್ಟವಿದೆ, ಪ್ರೋಟೀನು ಹತ್ತು ಗ್ರಾಂ ಮಾತ್ರ. ಬಿಳಿ ಅನ್ನದ ಜಾಗಕ್ಕೆ ಗೋದಿ ಅಥವಾ ಸಿರಿಧಾನ್ಯದ ಹಿಟ್ಟು ತಂದರಷ್ಟೇ ಅಪಾಯ ತಗ್ಗಿದ್ದು ಕಾಣಲಿಲ್ಲ, ಪಿಷ್ಟದ ಒಂದು ಪಾಲು ತೆಗೆದು ಬೇಳೆಕಾಳು, ಹಾಲು, ತತ್ತಿ, ಮೀನಿನ ಪ್ರೋಟೀನು ಇಟ್ಟಾಗ ಕಂಡಿತು ಎಂಬುದು ಆ ಅಧ್ಯಯನದ ಸೂಕ್ಷ್ಮ ಮಾತು. ಅಂದರೆ ಪ್ರಶ್ನೆ ಯಾವ ಧಾನ್ಯ ಎನ್ನುವುದಕ್ಕಿಂತ ಎಷ್ಟು ಎನ್ನುವುದು. ಮೂರು ರೊಟ್ಟಿ ಒಂದಾಗಬೇಕಾದರೆ ಉಳಿದೆರಡರ ಜಾಗ ಏನಾದರೂ ತುಂಬಬೇಕು.

ಮೀನಿನ ಫ್ರಿಟಾಟಾದಿಂದ ತುಂಬುವ ಬಗೆ ಕಷ್ಟದ್ದಲ್ಲ. ರೋಹು, ಕಟ್ಲಾಗಳ ಮಾಂಸದೊಳಗೆ ಸಣ್ಣ ಕವಲು ಮುಳ್ಳುಗಳಿವೆ, ಈ ಅಡುಗೆಗೆ ನಿಜವಾದ ಶತ್ರು ಅವೇ. ಆದ್ದರಿಂದ ದೊಡ್ಡ ಮೀನಿನ ಹೊಟ್ಟೆ ಭಾಗವನ್ನೇ ಕೇಳಿ ಪಾವು ಕಿಲೋ ತಂದು, ಅರಿಶಿನ, ಉಪ್ಪು ಹಚ್ಚಿ ಆವಿಯಲ್ಲಿ ಬೇಯಿಸಿ, ಆರಿದ ಮೇಲೆ ಬೆರಳಲ್ಲಿ ಬಿಡಿಸಬೇಕು. ದಪ್ಪ ತಳದ ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ ತೊಪ್ಪಲು, ಡೊಣ್ಣಮೆಣಸಿನಕಾಯಿ, ಮೆಂತೆ ಹಾಕಿ ನೀರೆಲ್ಲ ಇಂಗುವ ತನಕ ಹುರಿಯಬೇಕು. ನೀರು ಉಳಿದರೆ ತತ್ತಿ ಗಟ್ಟಿಯಾಗದೆ ಒಡೆಯುತ್ತದೆ. ಮೀನು ಹರಡಿ, ನಾಲ್ಕು ತತ್ತಿಗೆ ಸಬ್ಬಸಗಿ, ಕೊತಂಬರಿ ಹೆಚ್ಚಿ ಹಾಕಿ ಕಡೆದು ಮೇಲೆ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ನಡುವೆಯೂ ಹಸಿ ಉಳಿಯದಂತೆ ಬೇಯಿಸಿದರೆ ಆಯಿತು. ಇಡೀ ಬಾಣಲೆಯದನ್ನು ಒಬ್ಬರೇ ತಿಂದರೂ ಒಂದು ರೊಟ್ಟಿಯ ಅರ್ಧದಷ್ಟು ಪಿಷ್ಟವೂ ಹೊಟ್ಟೆಗೆ ಹೋಗಲಿಕ್ಕಿಲ್ಲ. ಸಬ್ಬಸಗಿಗೆ ತತ್ತಿ ಒಗ್ಗೀತೇ ಎಂದು ಅನುಮಾನಿಸುವವರು ಇರಾನಿನತ್ತ ನೋಡಬಹುದು: ಅಲ್ಲಿನ ಕುಕು ಸಬ್ಜಿಯಲ್ಲಿ ಇದೇ ಸಬ್ಬಸಗಿ, ಕೊತಂಬರಿ, ಹಲವು ಮನೆಗಳಲ್ಲಿ ಮೆಂತೆಯೂ ತತ್ತಿಯೊಡನೆ ಬೇಯುತ್ತವೆ. ಈ ತಾಟಿನಲ್ಲಿ ಊರಿನದೇ ಹಳೆಯ ಆಸ್ತಿ ಎನ್ನಬಹುದಾದದ್ದು ಈ ತೊಪ್ಪಲು ಮಾತ್ರ.

ಉಳಿಯುವ ದೊಡ್ಡ ಆಕ್ಷೇಪ, ಈ ಸೀಮೆಯ ಬಹಳಷ್ಟು ಮನೆಗಳು ಮೀನು, ತತ್ತಿ ಮುಟ್ಟುವುದಿಲ್ಲ ಎಂಬುದು. ಅವರನ್ನು ಒಲಿಸುವ ಅಗತ್ಯವೇನೂ ಇಲ್ಲ. ಕಡಲೆಹಿಟ್ಟಿನಲ್ಲಿ ತೊಪ್ಪಲು ಕಲೆಸಿ ಹರಡುವ ಝುಣಕದ ವಡಿ ಅವರಲ್ಲಿ ಮೊದಲಿನಿಂದಲೂ ಇದೆ. ಕಡಲೆಹಿಟ್ಟಿನಲ್ಲಿ ಪಿಷ್ಟ ತತ್ತಿಗಿಂತ ಜಾಸ್ತಿ, ಪ್ರೋಟೀನು ಜೋಳದ ಹಿಟ್ಟಿನ ಸುಮಾರು ಎರಡರಷ್ಟು. ಆದರೆ ವಡಿಯನ್ನು ಮೂರು ರೊಟ್ಟಿಯ ಜತೆಗೆ ನೆಂಚಿಕೊಳ್ಳುವುದು ರೂಢಿ. ಯಾವ ಮನೆಯಾದರೂ ಸರಿ, ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ರೊಟ್ಟಿ ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧದ ಪ್ರಮಾಣವನ್ನು ಡಾಕ್ಟರರ ಹತ್ತಿರ ಮೊದಲು ಹೊಂದಿಸಿಕೊಂಡು, ಆಮೇಲೆ ಬಾಣಲೆ ಇಡಬೇಕು.